ಸ್ಟ್ರಾಂಗ್ ನಾಬ್ ತಿರುಗಿಸಿದರೆ ಕಾಫಿ ಸ್ಟ್ರಾಂಗ್ ಆಗಲ್ಲ ಸ್ವಾಮಿ!

ಕಾಫಿ ಮಾಡುವ ಯಂತ್ರಕ್ಕೆ 'ಮೈಲ್ಡ್ - ಮೀಡಿಯಂ - ಸ್ಟ್ರಾಂಗ್' ಅಂತ ಮೂರು ಗೆರೆ ಎಳೆದು ಒಂದು ನಾಬ್ ಕೂರಿಸಿದವರ ಮೇಲೆ ನನಗೆ ತುಂಬಾ ದಿನದಿಂದ ಸಿಟ್ಟಿದೆ. ಇವತ್ತು ಅದನ್ನ ಇಲ್ಲಿ ಕಾರಿಕೊಂಡುಬಿಡ್ತೀನಿ. ಟೀ ಕುಡಿಯೋರು ಬೇಕಾದರೆ ಒಂದು ರೌಂಡ್ ಹೊರಗೆ ಹೋಗಿ ಬನ್ನಿ :-)

ನನ್ನ ತಕರಾರು ಒಂದೇ. ಆ ನಾಬ್ ಮೇಲೆ ಬರೆದಿರೋದು ಒಂದು, ಒಳಗೆ ಅದು ಮಾಡೋದು ಇನ್ನೊಂದು. ಅದು ಕಾಫಿಯನ್ನ ಗಟ್ಟಿ ಮಾಡಲ್ಲ, ಕಹಿ ಮಾಡುತ್ತೆ. ಗಟ್ಟಿ ಬೇರೆ, ಕಹಿ ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಡಿಸೈನ್ ಮಾಡಿದ್ದರೆ ಅಜ್ಞಾನ, ಗೊತ್ತಿದ್ದೂ ಮಾಡಿದ್ದರೆ ಮೋಸ.

ಮೊದಲು ಪರ್ಕೊಲೇಟರ್ ಅಂದರೆ ಏನು ಅಂತ ನೋಡೋಣ. ಕೆಳಗೆ ನೀರು, ಮಧ್ಯೆ ಒಂದು ಕೊಳವೆ, ಮೇಲೆ ತೂತಿನ ಬುಟ್ಟಿಯಲ್ಲಿ ಕಾಫಿ ಪುಡಿ. ತಳದಲ್ಲಿ ನೀರು ಕುದಿಯೋಕೆ ಶುರುವಾದಾಗ ಗುಳ್ಳೆಗಳು ಕೊಳವೆಯೊಳಗಿಂದ ನೀರನ್ನ ಮೇಲಕ್ಕೆ ನೂಕುತ್ತವೆ. ಅದು ಪುಡಿ ಮೇಲೆ ಬಿದ್ದು, ಸೋಸಿಕೊಂಡು ಕೆಳಗೆ ಇಳಿಯುತ್ತೆ. ಇಳಿದದ್ದು ಎಲ್ಲಿಗೆ ಹೋಗುತ್ತೆ? ಅದೇ ಕೆಳಗಿನ ಪಾತ್ರೆಗೆ! ಅಲ್ಲಿ ಮತ್ತೆ ಕುದಿದು ಮತ್ತೆ ಮೇಲೆ ಬರುತ್ತೆ. ಅಂದರೆ ಸ್ವಲ್ಪ ಹೊತ್ತಾದ ಮೇಲೆ ನಾವು ಪುಡಿಗೆ ಹಾಕ್ತಾ ಇರೋದು ನೀರಲ್ಲ, ಕುದಿಯೋ ಡಿಕಾಕ್ಷನ್ನು. 'ಡಿಕಾಕ್ಷನ್ ಕುದಿಸಬೇಡ, ಕೆಟ್ಟುಹೋಗುತ್ತೆ' ಅಂತ ನಮ್ಮ ಮನೆಗಳಲ್ಲಿ ಬೈಸಿಕೊಳ್ಳದೆ ಬೆಳೆದವರು ಯಾರಾದರೂ ಇದ್ದೀರಾ?

ಮಜಾ ಏನಂದರೆ ಈ ಹೆಸರು ಮೊದಲು ಬಂದದ್ದು ಇಂಥ ಯಂತ್ರಕ್ಕಲ್ಲ. ಪರ್ಕೊಲೇಟ್ ಅಂದರೆ ಜಿನುಗಿ ಇಳಿಯೋದು, ಅಷ್ಟೇ. ಕೌಂಟ್ ರಮ್‌ಫೋರ್ಡ್ ಅಂತ ಒಬ್ಬ ವಿಜ್ಞಾನಿ ಇದ್ದ. ಫಿರಂಗಿ ನಳಿಗೆ ಕೊರೆಯುವಾಗ ಹುಟ್ಟುವ ಶಾಖವನ್ನ ನೋಡಿ, ಶಾಖ ಅಂದರೆ ಚಲನೆ ಅಂತ 1798ರಲ್ಲಿ ವಾದಿಸಿದವನು. ಅವನೇ 1812ರಲ್ಲಿ ಕಾಫಿ ಬಗ್ಗೆ ಒಂದು ಪ್ರಬಂಧ ಬರೆದ. ಕಾಫಿಯನ್ನ ಕುದಿಸಿದರೆ ಪರಿಮಳ ಹಾರಿಹೋಗುತ್ತೆ, ಬಿಸಿನೀರು ಪುಡಿಯ ಮೂಲಕ ಒಂದು ಸಲ ಇಳಿದರೆ ಸಾಕು ಅನ್ನೋದು ಅವನ ವಾದ. ನಮ್ಮ ಹಿತ್ತಾಳೆ ಫಿಲ್ಟರ್ ಮಾಡೋದೂ ಅದನ್ನೇ ಅಲ್ವಾ? ಆಮೇಲೆ 1819ರಲ್ಲಿ ಪ್ಯಾರಿಸ್ಸಿನ ತಗಡು ಕೆಲಸದ ಲಾರೆನ್ಸ್ ಎಂಬಾತ ನೀರು ಕೊಳವೆಯಲ್ಲಿ ಮೇಲೇರುವ ಮಾದರಿ ಮಾಡಿದ. 1889ರಲ್ಲಿ ಅಮೆರಿಕದ ಇಲಿನಾಯ್‌ನ ಹ್ಯಾನ್ಸನ್ ಗುಡ್ರಿಚ್ ಒಲೆ ಮೇಲಿಡುವ ಪರ್ಕೊಲೇಟರಿಗೆ ಪೇಟೆಂಟ್ ತಗೊಂಡ. ಅಲ್ಲಿಂದ ಅಮೆರಿಕದ ಅಡುಗೆಮನೆಗಳಲ್ಲಿ ಹಲವು ದಶಕ ಇದರದ್ದೇ ರಾಜ್ಯಭಾರ. 1972ರಲ್ಲಿ 'ಮಿಸ್ಟರ್ ಕಾಫಿ' ಅನ್ನೋ ಡ್ರಿಪ್ ಯಂತ್ರ ಬಂದು, ನೀರು ಒಂದೇ ಸಲ ಇಳಿಯೋ ಪದ್ಧತಿ ಮನೆಮನೆಗೆ ಬಂದಾಗ ಪರ್ಕೊಲೇಟರ್ ಮೂಲೆ ಸೇರಿತು. ಸುಮ್ಮನೆ ಮೂಲೆ ಸೇರಲಿಲ್ಲ, ರುಚಿಯಲ್ಲಿ ಸೋತು ಸೇರಿತು.

ಈಗ ನಾಬಿನ ವಿಷಯಕ್ಕೆ ಬರೋಣ. ಕರೆಂಟಿನ ಪರ್ಕೊಲೇಟರ್‌ನಲ್ಲಿ ಈ 'ಸ್ಟ್ರೆಂತ್' ನಾಬ್ ಸಾಮಾನ್ಯವಾಗಿ ಥರ್ಮೋಸ್ಟಾಟ್‌ಗೆ ಕಟ್ಟಿದ್ದು. ಪಾತ್ರೆ ಇಷ್ಟು ಬಿಸಿಯಾದ ಮೇಲೆ ದೊಡ್ಡ ಹೀಟರ್ ಆಫ್ ಆಗಲಿ ಅಂತ ಅದು ಹೇಳುತ್ತೆ. ನಾಬನ್ನ ಸ್ಟ್ರಾಂಗ್ ಕಡೆ ತಿರುಗಿಸಿದರೆ ಆಫ್ ಆಗೋದು ತಡ. ಡಿಕಾಕ್ಷನ್ನು ಇನ್ನೂ ನಾಲ್ಕಾರು ನಿಮಿಷ ಕೊತಕೊತ ಅಂತ ಸುತ್ತು ಹೊಡೆಯುತ್ತೆ. ಪುಡಿ ಅದೇ, ನೀರು ಅದೇ, ಹೆಚ್ಚಾಗಿದ್ದು ಟೈಮ್ ಮಾತ್ರ.

ಟೈಮ್ ಹೆಚ್ಚು ಮಾಡಿದರೆ ಕಾಫಿ ಗಟ್ಟಿ ಆಗುತ್ತಾ? ಲೆಕ್ಕ ಹಾಕೋಣ. ಹೆದರಬೇಡಿ, ಐದನೇ ಕ್ಲಾಸಿನ ಲೆಕ್ಕ.

ಹುರಿದ ಕಾಫಿ ಬೀಜದಲ್ಲಿ ನೀರಿಗೆ ಬಿಡುವ ಅಂಶ ಇರೋದು ಸುಮಾರು ಶೇ. 30. ಉಳಿದದ್ದು ಬರೀ ನಾರು, ಎಷ್ಟು ಕುದಿಸಿದರೂ ಕರಗಲ್ಲ. 1950ರ ದಶಕದಲ್ಲಿ ಎಂಐಟಿಯಲ್ಲಿದ್ದ ಅರ್ನೆಸ್ಟ್ ಲಾಕ್‌ಹಾರ್ಟ್ ಎಂಬ ವಿಜ್ಞಾನಿ ಇದರ ಮೇಲೆ ಕೆಲಸ ಮಾಡಿ ಒಂದು ನಕ್ಷೆ ಕೊಟ್ಟರು. ಕಾಫಿ ಲೋಕದಲ್ಲಿ ಇವತ್ತಿಗೂ ಅದು ಓಡಾಡುತ್ತೆ. ಅದರ ಸಾರ ಇಷ್ಟು: ನೋಡಬೇಕಾದ ಸಂಖ್ಯೆ ಒಂದಲ್ಲ, ಎರಡು. ಒಂದು, ಪುಡಿಯಿಂದ ಎಷ್ಟು ಭಾಗ ಹೊರಗೆ ಬಂತು ಅನ್ನೋದು, ಇದು ಶೇ. 18ರಿಂದ 22 ಇದ್ದರೆ ರುಚಿ. ಇನ್ನೊಂದು, ಲೋಟದಲ್ಲಿರೋ ಕಾಫಿಯಲ್ಲಿ ಆ ಅಂಶ ಎಷ್ಟು ಗಟ್ಟಿಯಾಗಿದೆ ಅನ್ನೋದು. ಹಾಲಿಲ್ಲದ ಕಾಫಿಗೆ ಶೇ. 1.15ರಿಂದ 1.35. ಮೊದಲನೆಯದು ರುಚಿಯ ಬಣ್ಣ ತೀರ್ಮಾನಿಸುತ್ತೆ, ಎರಡನೆಯದು ಸ್ಟ್ರಾಂಗೋ ಲೈಟೋ ಅನ್ನೋದನ್ನ.

ಒಂದು ಲೀಟರ್ ನೀರಿಗೆ 60 ಗ್ರಾಂ ಪುಡಿ ಹಾಕಿದಿರಿ ಅನ್ನಿ. ಶೇ. 20 ಹೊರಗೆ ಬಂದರೆ 12 ಗ್ರಾಂ. ಪುಡಿ ಹೀರಿಕೊಂಡ ನೀರಿನ ಲೆಕ್ಕ ಸದ್ಯಕ್ಕೆ ಬಿಡಿ, ಗಟ್ಟಿತನ ಸುಮಾರು ಶೇ. 1.2. ಚೆನ್ನಾಗಿದೆ. ಇದರ ಎರಡರಷ್ಟು ಸ್ಟ್ರಾಂಗ್ ಬೇಕು ಅಂದರೆ ಅದೇ ಲೀಟರಿನಲ್ಲಿ 24 ಗ್ರಾಂ ಇರಬೇಕು. ಅದೇ 60 ಗ್ರಾಂ ಪುಡಿಯಿಂದ 24 ಗ್ರಾಂ ತೆಗೆಯಬೇಕು ಅಂದರೆ ಶೇ. 40 ಹಿಂಡಬೇಕು. ಆದರೆ ಅದರಲ್ಲಿ ಇರೋದೇ ಶೇ. 30! ನಾಬನ್ನ ಎಷ್ಟು ತಿರುಗಿಸಿದರೂ, ಬೆಳಗಿಂದ ಸಂಜೆವರೆಗೂ ಕುದಿಸಿದರೂ 18 ಗ್ರಾಂ ದಾಟಲ್ಲ. ಆ ಕೊನೆಯ ಆರು ಗ್ರಾಂ ಇದೆಯಲ್ಲ, ಅದು ಬರೀ ಕಹಿ, ಒಗರು, ಗಂಟಲು ಹಿಡಿಯೋ ಸರಕು. ಒಳ್ಳೇ ಪರಿಮಳ, ಹುಳಿ, ಸಿಹಿ ಎಲ್ಲ ಮೊದಲೇ ಇಳಿದುಬಿಟ್ಟಿರುತ್ತೆ.

ಈ ಲೆಕ್ಕ ಬೇಡ ಅನ್ನೋರಿಗೆ ಇನ್ನೊಂದು ಸಾಕ್ಷಿ ಕೊಡ್ತೀನಿ. ಎರಡನೇ ಡಿಕಾಕ್ಷನ್ ಕುಡಿದಿದ್ದೀರಲ್ಲ? ಅನಿರೀಕ್ಷಿತವಾಗಿ ನೆಂಟರು ಬಂದಾಗ ಅದೇ ಪುಡಿಗೆ ಮತ್ತೆ ಬಿಸಿನೀರು ಹಾಕಿ ಇಳಿಸೋದು. ಅದು ಹೇಗಿರುತ್ತೆ? ನೀರು ನೀರು, ಆದರೂ ಕಹಿ. ತೆಳ್ಳಗಿದ್ದೂ ಕಹಿಯಾಗಿರಬಹುದು ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಕಾ? ಟೈಮ್ ಹೆಚ್ಚು ಮಾಡುವ ಸ್ಟ್ರಾಂಗ್ ನಾಬ್ ಮಾಡೋದು ಇಷ್ಟೇ: ನಿಮ್ಮ ಮೊದಲನೇ ಡಿಕಾಕ್ಷನ್ನಿಗೆ ಎರಡನೇ ಡಿಕಾಕ್ಷನ್ನನ್ನ ತಾನೇ ಸೇರಿಸಿ ಕೊಡುತ್ತೆ. ಅದಕ್ಕೆ ನೀವು ಹೆಚ್ಚಿಗೆ ದುಡ್ಡು ಬೇರೆ ಕೊಟ್ಟಿರ್ತೀರಿ.

ಇದರ ಜೊತೆ ಇನ್ನೊಂದು ತಮಾಷೆ ಇದೆ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತೆ. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿರೋ ಬೆಂಗಳೂರಿನಲ್ಲಿ 97ರ ಹತ್ತಿರ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ನೀರಿನ ಬಿಸಿ ನೋಡಿ 98ಕ್ಕೆ ಆಫ್ ಆಗು ಅಂತ ಯಾರಾದರೂ ಥರ್ಮೋಸ್ಟಾಟ್ ಇಟ್ಟರೆ, ಮಂಗಳೂರಿನಲ್ಲಿ ಅದು ಸರಿಯಾಗಿ ಆಫ್ ಆಗುತ್ತೆ, ಬೆಂಗಳೂರಿನಲ್ಲಿ ಆಗೋದೇ ಇಲ್ಲ! ಕಾಫಿ ಬೆಳೆಯೋ ಊರಲ್ಲೇ ಕಾಫಿ ಯಂತ್ರ ಸರಿಯಾಗಿ ಕೆಲಸ ಮಾಡಲ್ಲ ಅಂದರೆ ಅದನ್ನ ಡಿಸೈನ್ ಅಂತ ಕರೀಬೇಕಾ?

'ಅಯ್ಯೋ ಒಂದು ಲೋಟ ಕಾಫಿಗೆ ಇಷ್ಟೆಲ್ಲಾ ಯಾಕೆ ತಲೆ ಕೆಡಿಸ್ಕೋತೀಯ' ಅಂತ ನೀವು ಕೇಳಬಹುದು. ಯಾಕೆ ಅಂದರೆ ಈ ನಾಬ್ ಒಂದು ಸುಳ್ಳು ಪಾಠ ಹೇಳಿಕೊಡುತ್ತೆ: ಕಹಿ ಇದ್ದರೆ ಸ್ಟ್ರಾಂಗ್. ಆ ಪಾಠ ಕಲಿತವನು ಆಮೇಲೆ ಏನು ಮಾಡ್ತಾನೆ? ಕಹಿ ಮುಚ್ಚೋಕೆ ಇನ್ನೊಂದು ಚಮಚ ಸಕ್ಕರೆ ಹಾಕ್ತಾನೆ. ಗಟ್ಟಿ ಸಾಲಲ್ಲ ಅಂತ ಪುಡಿ ಅಂಗಡಿಯಲ್ಲಿ '80-20 ಬೇಡ, 60-40 ಕೊಡಿ' ಅಂತಾನೆ. ಚಿಕೋರಿ ಬಣ್ಣ ಕೊಡುತ್ತೆ, ದಪ್ಪ ಕೊಡುತ್ತೆ, ಆದರೆ ಅದರಲ್ಲಿ ಕೆಫೀನ್ ಇಲ್ಲ, ಕಾಫಿಯೂ ಇಲ್ಲ. ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಲೇಬೇಕು, ಎಷ್ಟಿದೆ ಅಂತ ಪೊಟ್ಟಣದ ಮೇಲೆ ಬರೆಯಲೇಬೇಕು ಅಂತ ನಮ್ಮ ದೇಶದ ಆಹಾರ ನಿಯಮವೇ ಹೇಳುತ್ತೆ. ಚಿಕೋರಿ ಇಷ್ಟಪಟ್ಟು ಕುಡಿಯೋರ ಮೇಲೆ ನನಗೆ ಜಗಳ ಇಲ್ಲ. ಯಂತ್ರ ಹಾಳು ಮಾಡಿದ್ದನ್ನ ಸರಿಮಾಡೋಕೆ ಚಿಕೋರಿ ಸುರಿಯೋದಿದೆಯಲ್ಲ, ಅದರ ಮೇಲೆ ಜಗಳ.

ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಬೆಳೆಯೋದು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ಹಣ್ಣಾದ ಕಾಫಿಯನ್ನಷ್ಟೇ ಆರಿಸಿ ಕೊಯ್ಯೋದು, ಪಲ್ಪ್ ಮಾಡೋದು, ಕಣದಲ್ಲಿ ಹರವಿ ಒಣಗಿಸೋದು, ಮೋಡ ಬಂದರೆ ಓಡಿಹೋಗಿ ಟಾರ್ಪಾಲು ಮುಚ್ಚೋದು... ಇಷ್ಟೆಲ್ಲಾ ಮಾಡಿ ಉಳಿಸಿದ ರುಚಿಯನ್ನ ಕೊನೆಯ ಐದು ನಿಮಿಷದಲ್ಲಿ ಒಂದು ಪ್ಲಾಸ್ಟಿಕ್ ನಾಬ್ ಸುಟ್ಟುಹಾಕಿದರೆ ಹೊಟ್ಟೆ ಉರಿಯಲ್ವಾ? ಆಮೇಲೆ 'ಪುಡಿ ಸರಿ ಇಲ್ಲ' ಅಂತ ಬೈಯೋದು ಬೆಳೆದವನಿಗೆ. ಅದೂ 2024-25ರಲ್ಲಿ ಕಾಫಿ ಬೆಲೆ ಹೇಗೆ ಏರಿತು ಅಂತ ನೋಡಿದ ಮೇಲೂ!

ಬರೀ ಬೈದರೆ ಆಗಲ್ಲ, ಹೇಗಿರಬೇಕು ಅಂತಲೂ ಹೇಳಬೇಕು. ಸ್ಟ್ರಾಂಗ್-ಲೈಟ್ ಬದಲಾಯಿಸಬಲ್ಲ ಪರ್ಕೊಲೇಟರ್ ಮಾಡೋರು ಯಾರಾದರೂ ಓದ್ತಾ ಇದ್ದರೆ, ಇಲ್ಲಿದೆ ನೋಡಿ ನನ್ನ ಪಟ್ಟಿ:

1. ಇಳಿದ ಡಿಕಾಕ್ಷನ್ ಮತ್ತೆ ಮೇಲೆ ಹೋಗಬಾರದು. ನೀರಿನ ಪಾತ್ರೆ ಬೇರೆ, ಡಿಕಾಕ್ಷನ್ ಪಾತ್ರೆ ಬೇರೆ. ಗುಳ್ಳೆ ಪಂಪ್ ಇರಲಿ ಬಿಡಿ, ಅದು ಚೆಂದದ ಐಡಿಯಾ. ಆದರೆ ಅದು ನೀರನ್ನಷ್ಟೇ ಎತ್ತಲಿ.

2. ನಾಬನ್ನ ಟೈಮಿಗೆ ಕಟ್ಟಬೇಡಿ, ನೀರಿನ ಅಳತೆಗೆ ಕಟ್ಟಿ. 30 ಗ್ರಾಂ ಪುಡಿಗೆ ಲೈಟ್ ಅಂದರೆ 600 ಮಿಲಿ, ಮೀಡಿಯಂ ಅಂದರೆ 500, ಸ್ಟ್ರಾಂಗ್ ಅಂದರೆ 400. ಹಾಲು ಬೆರೆಸುವ ನಮ್ಮ ಡಿಕಾಕ್ಷನ್ನಿಗೆ 200ರ ಆಸುಪಾಸು.

3. ನೀರು ಕಡಿಮೆಯಾದಾಗ ಪುಡಿಯಿಂದ ಹೊರಬರೋದೂ ಕಡಿಮೆಯಾಗುತ್ತೆ. ಅದನ್ನ ಸರಿದೂಗಿಸೋಕೆ ಮಾತ್ರ ನೀರನ್ನ ನಿಧಾನ ಮಾಡಿ. ಇದು ಯಂತ್ರದ ಒಳಗಿನ ಕೆಲಸ, ಕುಡಿಯೋನ ತಲೆನೋವಲ್ಲ.

4. ಇದೆಲ್ಲ ಕಷ್ಟ ಅನ್ನಿಸಿದರೆ ಇನ್ನೂ ಸುಲಭದ ದಾರಿ: ಯಾವಾಗಲೂ ಒಂದೇ ಥರದ ಗಟ್ಟಿ ಡಿಕಾಕ್ಷನ್ ಇಳಿಸಿ, ನಾಬ್ ಆಮೇಲೆ ಬೆರೆಸೋ ಬಿಸಿನೀರಿನ ಪ್ರಮಾಣ ತೀರ್ಮಾನಿಸಲಿ.

5. ಕೆಳಗೆ ಬಿಸಿ ತಟ್ಟೆ ಇಟ್ಟು ಗಂಟೆಗಟ್ಟಲೆ ಕಾಯಿಸಬೇಡಿ. ಫ್ಲಾಸ್ಕ್ ಥರದ ಪಾತ್ರೆ ಕೊಡಿ.

ನಾಲ್ಕನೆಯದು ಎಲ್ಲೋ ನೋಡಿದ ಹಾಗಿದೆ ಅನ್ನಿಸ್ತಾ? ಹೌದು, ಯಾವುದೇ ದರ್ಶಿನಿಯ ಕಾಫಿ ಕೌಂಟರ್! 'ಒಂದು ಸ್ಟ್ರಾಂಗ್, ಒಂದು ಲೈಟ್' ಅಂತ ನೀವು ಕೂಗಿದಾಗ ಅಲ್ಲಿರೋನು ಡಿಕಾಕ್ಷನ್ನನ್ನ ಇನ್ನೊಂದು ಸಲ ಕುದಿಸ್ತಾನಾ? ಒಂದು ಲೋಟಕ್ಕೆ ಡಿಕಾಕ್ಷನ್ ಜಾಸ್ತಿ ಬಿಡ್ತಾನೆ, ಇನ್ನೊಂದಕ್ಕೆ ಹಾಲು ಜಾಸ್ತಿ ಬಿಡ್ತಾನೆ. ಎರಡೇ ಸೆಕೆಂಡು. ಲಾಕ್‌ಹಾರ್ಟ್ ನಕ್ಷೆ ಅವನು ನೋಡಿಲ್ಲ, ಆದರೆ ಅದರ ಸಾರ ಅವನ ಕೈಗೆ ಗೊತ್ತು.

'ಜನಕ್ಕೆ ಇದೆಲ್ಲ ಅರ್ಥ ಆಗಲ್ಲ, ಅವರಿಗೆ ಒಂದೇ ಸರಳ ನಾಬ್ ಬೇಕು' ಅನ್ನೋ ವಾದ ನನಗೆ ಗೊತ್ತು. ಸಾಫ್ಟ್‌ವೇರ್ ಕೆಲಸದಲ್ಲಿ ದಿನಾ ಕೇಳೋ ಮಾತು ಅದು. ಒಪ್ಪಿದೆ, ಒಂದೇ ನಾಬ್ ಕೊಡಿ. ಆದರೆ ಸರಿಯಾದ ತಂತಿಗೆ ಕಟ್ಟಿ ಕೊಡಿ! ರೇಡಿಯೋದ ವಾಲ್ಯೂಮ್ ತಿರುಗಿಸಿದರೆ ಸದ್ದು ಜಾಸ್ತಿ ಆಗೋ ಬದಲು ಬರೀ ಗೊರಗೊರ ಜಾಸ್ತಿ ಆದರೆ 'ಸರಳವಾಗಿದೆ' ಅಂತ ಸುಮ್ಮನಿರ್ತೀರಾ? ಸರಳ ಅಂದರೆ ಸುಳ್ಳು ಅಂತಲ್ಲ.

'ನಮಗೆ ಕಹಿಯೇ ಇಷ್ಟ ಕಣ್ರೀ' ಅನ್ನೋರೂ ಇದ್ದಾರೆ. ಧಾರಾಳವಾಗಿ ಕುಡೀರಿ. ಅದಕ್ಕೆ ಬೇರೆ ನಾಬ್ ಇಟ್ಟು ಅದರ ಮೇಲೆ 'ಕಹಿ' ಅಂತ ಬರೆಯಲಿ. ಎಷ್ಟು ಜನ ತಿರುಗಿಸ್ತಾರೆ ನೋಡೋಣ :-)

ಇನ್ನು ಕೆಲವು ಯಂತ್ರಗಳು ಡಿಗ್ರಿ ಲೆಕ್ಕದಲ್ಲಿ ಬಿಸಿ ಬದಲಾಯಿಸೋ ಬಟನ್ ತೋರಿಸಿ ದೊಡ್ಡಸ್ತಿಕೆ ಮಾಡ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು 2020ರಲ್ಲಿ ಇದನ್ನೂ ಪರೀಕ್ಷೆ ಮಾಡಿ ಪ್ರಕಟಿಸಿದರು. 87, 90, 93 ಡಿಗ್ರಿಯಲ್ಲಿ ಡ್ರಿಪ್ ಕಾಫಿ ಮಾಡಿ, ಮೇಲೆ ಹೇಳಿದ ಎರಡು ಸಂಖ್ಯೆ ಸಮ ಇರೋ ಹಾಗೆ ನೋಡಿಕೊಂಡರೆ ರುಚಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ತಿರುಗಿ ತಿರುಗಿ ಬರೋದು ಆ ಎರಡು ಸಂಖ್ಯೆಗೇ.

ಹಾಗಾಗಿ ಅಂಗಡಿಯಲ್ಲಿ ಯಾರಾದರೂ ಸ್ಟ್ರೆಂತ್ ನಾಬ್ ತೋರಿಸಿ ಮಾರೋಕೆ ಬಂದರೆ ಒಂದೇ ಒಂದು ಪ್ರಶ್ನೆ ಕೇಳಿ: 'ಇದು ಪುಡಿ-ನೀರಿನ ಪ್ರಮಾಣ ಬದಲಾಯಿಸುತ್ತಾ, ಇಲ್ಲಾ ಕುದಿಯೋ ಟೈಮಾ?' ಟೈಮ್ ಅಂದರೆ ನಮಸ್ಕಾರ ಹೇಳಿ ಹೊರಟುಬನ್ನಿ. ಇಷ್ಟರಲ್ಲೇ ಅಂಥದ್ದನ್ನ ತಗೊಂಡುಬಿಟ್ಟಿದ್ದರೆ ನಾಬನ್ನ ಮೈಲ್ಡ್‌ನಲ್ಲೇ ಬಿಟ್ಟು ಪುಡಿ ಒಂದೂವರೆಯಷ್ಟು ಹಾಕಿ ನೋಡಿ. ಸ್ಟ್ರಾಂಗ್ ಕಾಫಿ ಅಂದರೆ ಏನು ಅಂತ ಆ ಲೋಟವೇ ಹೇಳುತ್ತೆ.

ನೀವೇನಂತೀರಿ?