ಅಂಗೀಠಿಗೆ ಚಿಮಣಿ ಇಲ್ಲ ಸ್ವಾಮಿ!

ದೆಹಲಿಯಲ್ಲಿ ಚಳಿ ಶುರುವಾದರೆ ಕೆಂಡದ ಅಂಗೀಠಿಗಳೂ ಶುರು. ಊರಲ್ಲಿ ಬಚ್ಚಲೊಲೆ ಮುಂದೆ ಮೈ ಕಾಯಿಸಿಕೊಂಡ ನಮಗೆ ಇದರಲ್ಲೇನು ಅಪಾಯ ಅನ್ನಿಸಬಹುದು. ಆದರೆ ಬಚ್ಚಲಿಗೆ ಹೆಂಚಿನ ಸಂದಿಗಳಿದ್ದವು. 1980ರ ದಶಕದಲ್ಲಿ ಬೆಂಗಳೂರಿನ ಐಐಎಸ್‌ಸಿ ರೂಪಿಸಿದ ಅಸ್ತ್ರ ಒಲೆಗೂ ಚಿಮಣಿ ಇತ್ತು. ಅಂಗೀಠಿಗೆ ಎರಡೂ ಇಲ್ಲ.

ಹೊಗೆ ನಿಂತ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟುತ್ತೆ. ಬಾಗಿಲು ಮುಚ್ಚಿ ಮಲಗಿದವರು ಬೆಳಿಗ್ಗೆ ಏಳದೇ ಹೋಗಬಹುದು.

ನಮ್ಮ ಫ್ಲ್ಯಾಟಿನಲ್ಲೇನೋ ಹೀಟರ್ ಇದೆ. ಗೇಟಿನ ಗೂಡಿನಲ್ಲಿರುವ ಕಾವಲುಗಾರನಿಗೆ? ಮಾಲಿನ್ಯ ಏರಿದಾಗ ಜಾರಿಯಾಗುವ ಗ್ರ್ಯಾಪ್ ನಿಯಮಗಳಲ್ಲೇ, ಸೊಸೈಟಿಗಳು ಕಾವಲು ಸಿಬ್ಬಂದಿಗೆ ವಿದ್ಯುತ್ ಹೀಟರ್ ಕೊಡಬೇಕು ಎಂದಿದೆ. ಬೆಂಕಿ ಹಾಕಬೇಡ ಅಂತ ಗದರುವ ಮೊದಲು ಅದನ್ನು ಕೊಡಿಸೋಣ.