ಹೊಸ ಗಾಬ್ಲಿನ್‌ಗೆ ಜಾಗ ಕೊಡುವ ಮುನ್ನ

'ಮ್ಯಾಜಿಕ್: ದಿ ಗ್ಯಾದರಿಂಗ್' ಆಟದಲ್ಲಿ ಒಂದೇ ಕುಲದ ಜೀವಿಗಳನ್ನೇ ಸೇರಿಸಿ ಡೆಕ್ ಕಟ್ಟುವವರಿಗೆ ಹೊಸ ಸೆಟ್ ಬಂತೆಂದರೆ ಸಂಭ್ರಮ. ಆದರೆ ಕಾರ್ಡಿನ ಬಲ ನೋಡಿ ಮರುಳಾಗಬಾರದು, ಅದು ಬಳಗಕ್ಕೆ ಏನು ಮಾಡುತ್ತದೆ ಎಂದು ನೋಡಬೇಕು. ಗಾಬ್ಲಿನ್ ಡೆಕ್ಕನ್ನೇ ತೆಗೆದುಕೊಳ್ಳಿ. 2001ರಲ್ಲಿ ಬಂದ ಗಾಬ್ಲಿನ್ ರಿಂಗ್‌ಲೀಡರ್ ಕಣಕ್ಕಿಳಿದೊಡನೆ ಡೆಕ್ಕಿನ ಮೇಲಿನ ನಾಲ್ಕು ಕಾರ್ಡುಗಳನ್ನು ತೆರೆದು, ಅವುಗಳಲ್ಲಿರುವ ಗಾಬ್ಲಿನ್‌ಗಳನ್ನೆಲ್ಲ ನಿಮ್ಮ ಕೈಗೆ ತರುತ್ತಾನೆ. ಉಳಿದವು ತಳಕ್ಕೆ ಹೋಗುತ್ತವೆ. 60 ಕಾರ್ಡುಗಳಲ್ಲಿ 30 ಗಾಬ್ಲಿನ್‌ಗಳಿದ್ದರೆ ಸರಾಸರಿ ಎರಡು ಸಿಗುತ್ತವೆ. ಬೇರೆ ಕುಲದ ಬಲಶಾಲಿಗಳ ಆಸೆಗೆ ಬಿದ್ದು ಗಾಬ್ಲಿನ್‌ಗಳನ್ನು 22ಕ್ಕೆ ಇಳಿಸಿದರೆ ಸಿಗುವುದು ಒಂದೂವರೆಯಷ್ಟೇ. ಹೊಸ ಕಾರ್ಡಿನ ನಿಜವಾದ ಬೆಲೆ ಇಲ್ಲಿ ತಿಳಿಯುತ್ತದೆ. 2020ರ ಮುಕ್ಸಸ್ ಎಂಬ ಗಾಬ್ಲಿನ್‌ಗೆ ಆರು ಮಾನಾ (ಕಾರ್ಡು ಆಡಲು ತೆರುವ ಶಕ್ತಿ) ಬೇಕು, ಮೊದಲ ನೋಟಕ್ಕೆ ದುಬಾರಿಯೇ. ಆದರೆ ಅವನು ಆರು ಕಾರ್ಡು ತೆರೆದು, ಐದು ಮಾನಾದೊಳಗಿನ ಗಾಬ್ಲಿನ್‌ಗಳನ್ನೆಲ್ಲ ನೇರವಾಗಿ ಕಣಕ್ಕೇ ಇಳಿಸುತ್ತಾನೆ. ಜೊತೆಗೆ 1998ರ ಗಾಬ್ಲಿನ್ ಲ್ಯಾಕಿ ಒಂದೇ ಮಾನಾದವನಾದರೂ, ಎದುರಾಳಿಗೆ ಏಟು ತಾಗಿಸಿದರೆ ಕೈಯಲ್ಲಿರುವ ಮುಕ್ಸಸ್‌ನನ್ನು ಬಿಟ್ಟಿಯಾಗಿ ಕರೆತರಬಲ್ಲ. ಇಪ್ಪತ್ತೆರಡು ವರ್ಷ ಮೊದಲು ಬಂದ ಕಾರ್ಡು ಹೊಸದಕ್ಕೆ ದಾರಿ ಮಾಡಿಕೊಡುವ ಈ ಹೊಂದಾಣಿಕೆಯೇ ನನಗೆ ಈ ಆಟದ ಅತಿ ಚೆಂದದ ಭಾಗ. ಇನ್ನೊಂದು ಮಾತು: ಕಣದಲ್ಲಿ ಸಂಗಾತಿಗಳು ಯಾರೂ ಇಲ್ಲದಾಗ ನೀವು ಸೇರಿಸಲಿರುವ ಹೊಸ ಜೀವಿ ಉಪಯೋಗಕ್ಕೆ ಬರುತ್ತದೆಯೇ ಎಂದೂ ಕೇಳಿಕೊಳ್ಳಿ. ಬಾರದಿದ್ದರೆ ನಾಲ್ಕು ಪ್ರತಿ ಬೇಡ. ಒಂದೋ ಎರಡೋ ಹಾಕಿ ಆಡಿ ನೋಡಿ.