ಕಲೆಯೇ ಬೇರೆ, ರೋಗವೇ ಬೇರೆ



ಮಳೆಗಾಲವು ಕಳೆದು ಧನುರ್ಮಾಸದ ಒಣಗಾಳಿಯು ಬೀಸತೊಡಗಿದೊಡನೆ ನಮ್ಮ ಕಾಸರಗೋಡು ಸೀಮೆಯ ಕೆಲವು ಮನೆಗಳಲ್ಲಿ ಒಂದು ಹಳೆಯ ಸಂಕಟವು ಮತ್ತೆ ತಲೆಯೆತ್ತುತ್ತದೆ. ಮೊಣಕೈ, ಮೊಣಕಾಲು, ನೆತ್ತಿ, ಬೆನ್ನುಗಳಲ್ಲಿ ಕೆಂಪಗೆ ಅಥವಾ ಕಂದುಬಣ್ಣಕ್ಕೆ ತಿರುಗಿದ ದಪ್ಪ ಪಟ್ಟೆಗಳೆದ್ದು, ಬೆಳ್ಳಿಯಂತೆ ಹೊಳೆಯುವ ಹುರುಪೆಗಳು ಉದುರುತ್ತವೆ. ವೈದ್ಯರು ಇದನ್ನು ಸೋರಿಯಾಸಿಸ್ ಎಂದು ಕರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಕನಿಷ್ಠ 10 ಕೋಟಿ ಜನರು ಇದರಿಂದ ಬಾಧಿತರು.

ಇದು ಹೇಗೆ ಉಂಟಾಗುತ್ತದೆ? ಚರ್ಮದ ಹೊರಪದರದ ಜೀವಕೋಶಗಳು ಹುಟ್ಟಿ, ಮೇಲೇರಿ, ಉದುರಿಹೋಗಲು ಸಾಮಾನ್ಯವಾಗಿ 4 ವಾರಗಳು ಬೇಕು. ಈ ರೋಗದಲ್ಲಿ, ದೇಹವನ್ನು ಕಾಯಬೇಕಾದ ರಕ್ಷಣಾವ್ಯವಸ್ಥೆಯೇ ಚರ್ಮದಲ್ಲಿ ಉರಿಯೂತವನ್ನೆಬ್ಬಿಸುವುದರಿಂದ ಅದೇ ಕಾರ್ಯವು ಕೆಲವೇ ದಿನಗಳಲ್ಲಿ ಮುಗಿದು, ಬಲಿಯದ ಕೋಶಗಳು ಒಂದರ ಮೇಲೊಂದು ಒಟ್ಟಾಗುತ್ತವೆ. ಇದು ರಕ್ತ ಕೆಟ್ಟದ್ದರಿಂದ ಬಂದುದಲ್ಲ. ಮುಟ್ಟಿದರೆ, ಜೊತೆಯಲ್ಲಿ ಉಂಡರೆ, ಒಂದೇ ಕೆರೆಯಲ್ಲಿ ಮಿಂದರೆ ಅಂಟುವುದೂ ಅಲ್ಲ. ನಾಗದೋಷವೆಂದು ತಂಬಿಲ ಕೊಡಿಸುವವರ ಭಕ್ತಿಯನ್ನು ನಾವು ಹಳಿಯುವುದಿಲ್ಲ. ಆದರೆ ಹರಕೆಯನ್ನು ನಂಬಿ ಮದ್ದನ್ನು ಬಿಡಬಾರದೆಂಬುದು ನಮ್ಮ ಪ್ರಾರ್ಥನೆ.

ಹಿಂದೆ ಈ ರೋಗವನ್ನೂ ಕುಷ್ಠವನ್ನೂ ಒಂದೇ ಎಂದು ತಿಳಿಯುತ್ತಿದ್ದರು. ವಿಯೆನ್ನಾದ ವೈದ್ಯ ಫರ್ಡಿನಾಂಡ್ ಹೆಬ್ರಾ ಅವರು 1841ರಲ್ಲಿ ಇವೆರಡೂ ಬೇರೆಬೇರೆ ಎಂದು ಸ್ಪಷ್ಟಪಡಿಸಿದರು. ವೈದ್ಯರು ಬಿಟ್ಟ ಆ ತಪ್ಪನ್ನು ನೆರೆಹೊರೆಯವರು ಇನ್ನೂ ಬಿಟ್ಟಿಲ್ಲ. ಕುಷ್ಠವಾದರೂ ಇಂದು ಮದ್ದಿನಿಂದ ಪೂರ್ಣವಾಗಿ ಗುಣವಾಗುವ ರೋಗವೇ ಆಗಿರುವಾಗ, ಯಾರನ್ನಾಗಲಿ ದೂರವಿಡುವುದಕ್ಕೆ ಕಾರಣವಾದರೂ ಏನು?

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ 6ನೆಯ ತರಗತಿಯ ಬಾಲಕಿಯೊಬ್ಬಳಿಗೆ ಈ ಬಾಧೆಯು ಕಾಣಿಸಿಕೊಂಡಿತು. ಅವಳಿಗೆ ಬೇರೆ ಬೆಂಚು, ಬೇರೆ ಬಟ್ಟಲು ಕೊಡಬೇಕೆಂದು ಇಬ್ಬರು ಹೆತ್ತವರು ಬಂದು ಕೇಳಿದರು. ನಾವು ಅವರಿಗೆ ಕಾಫಿ ಕೊಟ್ಟು, ತಿಳಿಹೇಳಿ ಕಳುಹಿಸಿದೆವು. ಮರುದಿನದಿಂದ ಮಧ್ಯಾಹ್ನದ ಊಟಕ್ಕೆ ಆಕೆಯ ಪಕ್ಕದಲ್ಲಿಯೇ ಕುಳಿತೆವು. ಹದಿನೈದು ದಿನಗಳೊಳಗೆ ಮಕ್ಕಳು ಆ ಸ್ಥಳವನ್ನು ನಮಗೆ ಬಿಟ್ಟುಕೊಡದಾದರು. ಚಿಕಿತ್ಸೆಯಿಂದ ಹುರುಪೆಗಳು ಅಡಗಿದವು. ಆದರೆ ಅವು ಇದ್ದ ಕಡೆಗಳಲ್ಲಿ ಕಪ್ಪು ಗುರುತುಗಳು ಉಳಿದವು. ಬೇಸಗೆಯಲ್ಲಿಯೂ ಆಕೆ ಉದ್ದ ತೋಳಿನ ಅಂಗಿಯನ್ನು ಬಿಡಲಿಲ್ಲ.

ಇಲ್ಲಿಯೇ ಬಹುಮಂದಿ ಎಡವುತ್ತಾರೆ. ಉರಿಯೂತವು ಶಮನಗೊಂಡ ಮೇಲೆ ನಮ್ಮಂತಹ ಕಂದು ಮೈಬಣ್ಣದವರಲ್ಲಿ ಕಪ್ಪು ಅಥವಾ ಬಿಳಿಚಿದ ಕಲೆಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕಿಂತ ಹೆಚ್ಚು ಕಾಲ ನಿಲ್ಲುತ್ತವೆ. ಅವು ಚರ್ಮದ ವರ್ಣದ್ರವ್ಯವು ಹೆಚ್ಚುಕಡಿಮೆಯಾದುದರ ಗುರುತುಗಳು. ಬೆರಳಿಗೆ ಚರ್ಮವು ನಯವಾಗಿ, ಸಮತಟ್ಟಾಗಿ ತೋರಿದರೆ ಅದು ಕಲೆ. ದಪ್ಪವೂ ಹುರುಪೆಯೂ ಇದ್ದರೆ ಅದು ರೋಗ. ಕಲೆಯನ್ನೇ ರೋಗವೆಂದು ಭ್ರಮಿಸಿ, ಅಂಗಡಿಯಿಂದ ಸ್ಟೀರಾಯ್ಡ್ ಮುಲಾಮುಗಳನ್ನು ತಂದು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವು ತೆಳುವಾಗಿ ಸೀಳುಗೆರೆಗಳು ಬೀಳುತ್ತವೆ. ಮಾಸದ ಕಲೆಯೆಂದರೆ ಅದು. ಇಂತಹ ಅನೇಕ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರವು 2018ರಲ್ಲಿ ನಿಯಮವನ್ನು ಮಾಡಿತು.

ಮನೆಯಲ್ಲಿ ಪಾಲಿಸಬಹುದಾದುವು ಸುಲಭ. ಉಗುರುಬೆಚ್ಚಗಿನ ನೀರಿನಲ್ಲಿ ಮೀಯಬೇಕು, ನಾರಿನಿಂದ ತಿಕ್ಕಬಾರದು, ಮೈ ಒರೆಸಿದೊಡನೆ ತೆಂಗಿನೆಣ್ಣೆಯನ್ನು ಸವರಬೇಕು. ಉಗುರುಗಳನ್ನು ಕತ್ತರಿಸಿಡಬೇಕು, ಏಕೆಂದರೆ ಕೆರೆದ, ಗಾಯವಾದ ಜಾಗದಲ್ಲಿಯೇ ಹೊಸ ಪಟ್ಟೆಯು ಏಳಬಹುದು. ಬೀಡಿಯನ್ನೂ ಮದ್ಯವನ್ನೂ ಬಿಡಬೇಕು. ಮುಂಜಾನೆ ಕೀಲುಗಳು ಬಿಗಿದು ನೋಯುತ್ತಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಈ ರೋಗವು ಕೆಲವರಲ್ಲಿ ಕೀಲುಗಳನ್ನೂ ಹಿಡಿಯುತ್ತದೆ.

ಗಡಿನಾಡಿನವರಾದ ನಮಗೆ ಇನ್ನೊಂದು ಎಚ್ಚರಿಕೆಯೂ ಅವಶ್ಯ. ರೋಗವು ತೀವ್ರವಾದಾಗ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಗುಳಿಗೆಯನ್ನು ವಾರಕ್ಕೆ ಒಂದೇ ದಿನ ಸೇವಿಸತಕ್ಕದ್ದು. ದಿನಂಪ್ರತಿ ನುಂಗಿದರೆ ಪ್ರಾಣಕ್ಕೇ ಅಪಾಯ. ಮಲಯಾಳದಲ್ಲಿ ವಾರಕ್ಕೆ 'ಆಳ್ಚ' ಎನ್ನುತ್ತಾರೆ. ಮಲಯಾಳವು ಅಷ್ಟಾಗಿ ತಿಳಿಯದ ನಮ್ಮ ಅಜ್ಜ ಅಜ್ಜಿಯಂದಿರು ಆಸ್ಪತ್ರೆಯಲ್ಲಿ ತಲೆಯಾಡಿಸಿ ಬಂದು, ಮನೆಯಲ್ಲಿ ತೋಚಿದಂತೆ ಸೇವಿಸಬಹುದು. ಆದುದರಿಂದ ಮನೆಯ ಮಕ್ಕಳು ಗುಳಿಗೆಯ ಪೊಟ್ಟಣದ ಮೇಲೆ ದಿನದ ಹೆಸರನ್ನು ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆದಿಡಲಿ. ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರಕ್ಕೆ ಇದಕ್ಕಿಂತ ಸಾರ್ಥಕವಾದ ಉಪಯೋಗ ಬೇರೆಯಿಲ್ಲ.

ಸೋರಿಯಾಸಿಸ್ ಬುಡಸಮೇತ ಹೋಗುವುದೆಂದು ಯಾರಾದರೂ ಹಣ ಕೇಳಿದರೆ ನಂಬಬೇಡಿರಿ. ಅದನ್ನು ಹತೋಟಿಯಲ್ಲಿಟ್ಟುಕೊಂಡು ಓದು, ಉದ್ಯೋಗ, ಸಂಸಾರ ಎಲ್ಲವನ್ನೂ ನಡೆಸಬಹುದು. ತಂದೆತಾಯಿಗಳಿಗಿದ್ದ ಮಾತ್ರಕ್ಕೆ ಮಕ್ಕಳಿಗೆ ಬಂದೇ ಬರುವುದೆಂದಿಲ್ಲ. ಹೆಣ್ಣು ನೋಡಲು ಹೋದವರು ಮೊಣಕೈಯ ಕಲೆಯನ್ನು ಕಂಡು ಎದ್ದುಬರುವ ಮೊದಲು ಇಷ್ಟನ್ನು ಸ್ಮರಿಸಿದರೆ, ಈ ತಿಂಗಳು ನಾವು ಬರೆದುದು ಸಾರ್ಥಕವಾಯಿತೆಂದು ಭಾವಿಸುತ್ತೇವೆ.